ಕಲಾಯಿಗಾರನ ಮನೆಯ ಕವಳಿ ಗೊಜ್ಜು

ಹುಬ್ಬಳ್ಳಿ ಕಮರಿಪೇಟೆಯ ಕಲಾಯಿಗಾರ ಖಾಜಾಸಾಬನಿಗೆ ಈ ಜಗತ್ತಿನಲ್ಲಿ ಒಂದು ವಸ್ತು ಮಾತ್ರ ಕಣ್ಣಿಗೆ ಕಂಡರೆ ಆಗುತ್ತಿರಲಿಲ್ಲ. ಅದು ಕಬ್ಬಿಣದ ಕಡಾಯಿ. ತಾಮ್ರ, ಹಿತ್ತಾಳೆಯ ಪಾತ್ರೆಗಳನ್ನು ಬೆಂಕಿಗೆ ಹಿಡಿದು, ಒಳಮೈಗೆ ತವರ ಸವರಿ ಬೆಳ್ಳಗೆ ಹೊಳೆಯಿಸುವುದು ಅವನ ಕಸುಬು. ಬರಿಯ ಹಿತ್ತಾಳೆಯಲ್ಲಿ ಹುಳಿ ಬೆಂದರೆ ಕಿಲುಬು ಏಳುತ್ತದೆ, ಉಂಡವರು ಹೊಟ್ಟೆ ಹಿಡಿದುಕೊಂಡು ಕೂಡುತ್ತಾರೆ. ಕಲಾಯಿ ಮಾಡಿದ ಪಾತ್ರೆಯಲ್ಲಿ ಹುಳಿಯ ಆಟ ನಡೆಯುವುದಿಲ್ಲ. ಕಡಾಯಿಗೆ ಮಾತ್ರ ಕಲಾಯಿಯ ಹಂಗಿಲ್ಲ. ಕಡಾಯಿಯಲ್ಲೇ ಸಂಸಾರ ಸಾಗಿಸುವವರು ಕಲಾಯಿಗಾರನ ದಾರಿ ಕಾಯುವುದಿಲ್ಲವಲ್ಲ, ಅವನ ಸಿಟ್ಟಿನ ಬೇರು ಅಲ್ಲಿಯೇ ಇದ್ದಿರಬೇಕು. ಆದರೆ ಅದನ್ನು ಒಪ್ಪಿಕೊಳ್ಳುವ ಪೈಕಿಯವನಲ್ಲ ಅವನು. "ಕರೇ ಪಾತ್ರ್ಯಾಗ ಕುದಿಸಿದ್ದು ಮನಶಾರು ತಿನ್ನೂದಲ್ಲ ಬಿಡ್ರಿ," ಎಂದು ಮೂಗು ಮುರಿಯುತ್ತಿದ್ದ. ರೊಟ್ಟಿಯ ಹಂಚೊಂದನ್ನು ಬಿಟ್ಟರೆ ಅವನ ಮನೆಯ ಒಲೆಯ ಮೇಲೆ ಕಬ್ಬಿಣ ಏರಿದ್ದೇ ಇಲ್ಲ.

ಇಂಥವನ ಒಬ್ಬಳೇ ಮಗಳು ಮೈಮುನಾ, ೧೯೩೮ರ ಫೆಬ್ರುವರಿಯಲ್ಲಿ, ನಾಲ್ಕು ತಿಂಗಳ ಬಸುರಿಯಾಗಿ ಗದಗಿನಿಂದ ತಾಯಿಯ ಮನೆಗೆ ಬಂದಳು. ಅವಳ ಗಂಡ ಅಬ್ದುಲಗನಿ ಅಲ್ಲಿ ಹತ್ತಿ ಜಿನ್ನಿನಲ್ಲಿ ಮಿಸ್ತ್ರಿ. ಹಿಂದಿನ ವರ್ಷ ಇಲ್ಲಿಯ ದವಾಖಾನೆಯಲ್ಲೇ ಆದ ಹೆರಿಗೆಯಲ್ಲಿ ರಕ್ತ ಸುರಿದು ಕೂಸು ಉಳಿದಿರಲಿಲ್ಲ, ತಾಯಿ ಉಳಿದದ್ದೇ ಹೆಚ್ಚು. ಆ ರಕ್ತ ಮತ್ತೆ ಮೈಗೆ ಹತ್ತುವ ಮೊದಲೇ ಎರಡನೆಯದು ನಿಂತಿತ್ತು. ಟಾಂಗಾದಿಂದ ಇಳಿದ ಮಗಳ ಮುಖ ನೋಡಿ ಖಾಜಾಸಾಬನ ಎದೆ ಧಸಕ್ಕೆಂದಿತು. ತುಟಿ ಯಾವುದು, ಗಲ್ಲ ಯಾವುದು ಎಂದು ಬಣ್ಣದಿಂದ ಹೇಳುವ ಹಾಗಿರಲಿಲ್ಲ. ಮೂರು ಮೆಟ್ಟಿಲು ಹತ್ತಿ ಬಾಗಿಲ ಚೌಕಟ್ಟು ಹಿಡಿದು ನಿಂತಳು, ಉಸಿರು ಸಾಲದೆ.

ಮರುದಿನವೇ ಹೆಣ್ಣುಮಕ್ಕಳ ದವಾಖಾನೆಗೆ ಕರೆದೊಯ್ದರು. ಅಲ್ಲಿಯ ಡಾಕ್ಟರಬಾಯಿ ಮೈಮುನಾಳ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಬಿಳಿಯ ಒತ್ತುಕಾಗದದ ಮೇಲೆ ಹಿಡಿದರು. ಆಮೇಲೆ ಚಿಕ್ಕದೊಂದು ಪುಸ್ತಕ ತೆರೆದರು. ಅದರಲ್ಲಿ ಹತ್ತು ಕೆಂಪು ಬಣ್ಣಗಳು, ಮಾಸಲು ಗುಲಾಬಿಯಿಂದ ಹಿಡಿದು ಗಾಢ ಕೆಂಪಿನವರೆಗೆ, ಒಂದೊಂದಕ್ಕೂ ಹತ್ತರಿಂದ ನೂರರ ತನಕ ಅಂಕಿ. ಕಾಗದದ ಕಲೆಯನ್ನು ಆ ಬಣ್ಣಗಳ ಪಕ್ಕದಲ್ಲಿ ಸರಿಸುತ್ತ ಹೋದರು.

"ನಲವತ್ತು," ಎಂದರು ಡಾಕ್ಟರಬಾಯಿ. "ಖಾಜಾಸಾಬ, ಹೆರಿಗಿ ವ್ಯಾಳ್ಯಾಕ್ಕ ಇದು ಅರವತ್ತಕ್ಕ ಬರಬೇಕು. ಬಂದ್ರ ಸ್ವಲ್ಪ ರಕ್ತ ಹೋದ್ರೂ ತಡಕೋತಾಳ. ಇಷ್ಟರಾಗ ಹೆರಿಗಿ ಆದ್ರ ನಾ ಏನೂ ಖಾತ್ರಿ ಹೇಳೂದಿಲ್ಲ."

ಖಾಜಾಸಾಬ ಆ ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿದ. ತಾಮ್ರ ಎಷ್ಟು ಕೆಂಪಾದಾಗ ತವರ ಹಿಡಿಯುತ್ತದೆ ಎಂಬುದನ್ನು ಮೂವತ್ತು ವರ್ಷ ಬರಿಗಣ್ಣಿನಿಂದ ಅಳೆದವನು ಅವನು. ನಲವತ್ತರ ಬಣ್ಣವೂ ಅರವತ್ತರ ಬಣ್ಣವೂ ಅವನ ಕಣ್ಣಿನೊಳಗೆ ಕೂತುಬಿಟ್ಟವು.

ಡಾಕ್ಟರಬಾಯಿ ಒಂದು ಬಾಟಲಿ ಔಷಧ ಕೊಟ್ಟರು. ಇದರಲ್ಲಿ ಏನಿದೆ ಎಂದು ಕೇಳಿದರೆ "ಕಬ್ಬಿಣ" ಎಂದರು. ಕಬ್ಬಿಣವನ್ನು ಕುಡಿಯುವವರೂ ಉಂಟೇ ಎಂದು ಖಾಜಾಸಾಬ ನಕ್ಕ. ಮನೆಗೆ ಬಂದ ಮೇಲೆ ನಗು ಇಳಿಯಿತು. ಮೈಮುನಾ ಔಷಧವನ್ನು ಬಾಯಿಗೆ ಹಾಕಿದಳೋ ಇಲ್ಲವೋ, ಎಲ್ಲ ಹೊರಗೆ. ಅವಳಿಗೆ ಧೈರ್ಯ ತುಂಬಲೆಂದು ಖಾಜಾಸಾಬ ತಾನೂ ಒಂದು ಚಮಚೆ ಕುಡಿದ. ಹಳೆಯ ಮೊಳೆ ನೆಕ್ಕಿದಂಥ ರುಚಿ, ಸಂಜೆಯಾದರೂ ನಾಲಿಗೆ ಬಿಡಲೊಲ್ಲದು. ನೀರು ಬೆರೆಸಿದರು, ಬೆಲ್ಲ ಬೆರೆಸಿದರು, ಉಂಡ ಮೇಲೆ ಕೊಟ್ಟರು. ಔಷಧದ ಜೊತೆ ಉಂಡ ಅನ್ನವೂ ಹೋಯಿತು. ನಾಲ್ಕನೆಯ ದಿನ ಮೈಮುನಾ ಬಾಟಲಿ ನೋಡಿಯೇ ಅಳತೊಡಗಿದಳು. ಹೊಟ್ಟೆ ಬೇರೆ ಕೆಟ್ಟು ದಿನಕ್ಕೆ ಐದಾರು ಸಲ ಹಿತ್ತಲಿಗೆ ಓಡುವುದಾಯಿತು.

ಇಲ್ಲಿ ಪಕ್ಕದ ಮನೆಯ ಮುರಿಗೆವ್ವ ನಡುವೆ ಬಂದಳು. ಬರದೆ ಇರುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಗಂಡ ಹತ್ತಿ ವ್ಯಾಪಾರಿ, ತವರುಮನೆ ಕೆಲಗೇರಿ. ಎರಡು ಮನೆಯ ಹಿತ್ತಲ ನಡುವೆ ಎದೆಮಟ್ಟದ ಗೋಡೆ. ಆ ಗೋಡೆಯ ಮೇಲೆ ಮೊಳಕೈ ಊರಿ ಮುರಿಗೆವ್ವ ಮತ್ತು ಖಾಜಾಸಾಬನ ಹೆಂಡತಿ ಹಾಜರಾಬಿ ಇಪ್ಪತ್ತು ವರ್ಷದಿಂದ ಜಗಳ ಆಡುತ್ತ ಬಂದಿದ್ದರು. ಒಂದು ದಿನ ಜಗಳ ತಪ್ಪಿದರೆ ಇಬ್ಬರಿಗೂ ಮಧ್ಯಾಹ್ನದ ನಿದ್ದೆ ಹತ್ತುತ್ತಿರಲಿಲ್ಲ.

"ಬೆಳವಲ ಹಣ್ಣು ತಿನ್ನಸು," ಎಂದಳು ಮುರಿಗೆವ್ವ. "ನಮ್ಮ ಕೆಲಗೇರಿ ಹೊಲದ ಬದುವಿನ್ಯಾಗ ದೊಡ್ಡ ಗಿಡಾ ಐತಿ. ಒಡದು, ಬೆಲ್ಲಾ ಕಲಿಸಿ ಕೊಟ್ರ ವಾಂತಿ ನಿಂತು ಬಾಯಿಗೆ ರುಚಿ ಹತ್ತತೈತಿ, ಕೆಟ್ಟ ಹೊಟ್ಟಿ ಗಟ್ಟಿ ಆಗತೈತಿ."

"ಹೊಟ್ಟಿ ಗಟ್ಟಿ ಆದ್ರ ರಕ್ತ ಬರತೈತೇನು ಅಕ್ಕಾ?" ಎಂದಳು ಹಾಜರಾಬಿ. "ರಕ್ತಕ್ಕ ಕವಳಿ ಹಣ್ಣು. ನಮ್ಮ ಅಮ್ಮಾ ಬಾಣಂತ್ಯಾರಿಗೆ ಅದನ್ನs ಕೊಡತಿದ್ಲು. ಹಣ್ಣು ಹಿಚುಕಿದ್ರ ಬೆರಳ ಕೆಂಪ ಆಗತಾವು."

"ಬೆರಳ ಕೆಂಪ ಆಗೂದ ಬೇಕಾದ್ರ ಮದರಂಗಿ ಹಚ್ಚು. ಆ ಮುಳ್ಳಕಂಟಿ ಹುಳೀ ಕೊಟ್ಟು ಬಸುರಿ ಹೆಣಮಗಳ ಹಲ್ಲ ಜುಮ್ ಅನ್ನಸಬ್ಯಾಡ."

"ನಿಮ್ಮ ಬೆಳವಲ ಒಡಿಯಾಕ ಒನಕಿ ಬೇಕು. ತಿನ್ನೂದ ಯಾವಾಗ?"

ಈ ಜಗಳ ದವಾಖಾನೆಯ ತನಕವೂ ಹೋಯಿತು, ಇಬ್ಬರೂ ಮೈಮುನಾಳ ಎರಡು ರಟ್ಟೆ ಹಿಡಿದುಕೊಂಡೇ ಹೋದರು. ಡಾಕ್ಟರಬಾಯಿ ಪುಣ್ಯವಂತರು, ಬೈಯಲಿಲ್ಲ. ಸರಕಾರದವರು ಅಚ್ಚು ಹಾಕಿಸಿದ್ದ ಆಹಾರದ ಪುಸ್ತಕ ತೆಗೆದು ಹಾಳೆ ಮಗುಚಿದರು. ಬೆಳವಲದಲ್ಲಿ ಸುಣ್ಣದ ಅಂಶವಿದೆ, ಕೆಟ್ಟ ಹೊಟ್ಟೆಯನ್ನು ತಹಬಂದಿಗೆ ತರುತ್ತದೆ ಎಂದರು. ಕವಳಿಯ ಸಾಲಿಗೆ ಬಂದಾಗ ಅವರ ಹುಬ್ಬು ಗಂಟಾಯಿತು.

"ಇದರಾಗ ಕಬ್ಬಿಣ ಭಾಳ ಐತಿ ಅಂತ ಬರದಾರ. ಆದ್ರ ಹಸೀ ಹಣ್ಣು ತೂಗಿ ಬರದಾರೋ, ಒಣಗಿಸಿ ಬರದಾರೋ ತಿಳೀವಲ್ದು. ಹಿಂಗ ಮಾಡ್ರಿ. ಈಗ ಬೆಳವಲ ಸಿಗತೈತಿ, ಅದನ್ನ ಕೊಡ್ರಿ. ಬ್ಯಾಸಗಿಗೆ ಕವಳಿ ಬರತೈತಿ, ಆವಾಗ ಅದನ್ನ ಕೊಡ್ರಿ. ತಿಂಗಳಿಗೊಮ್ಮೆ ನಾ ಕಾಗದ ನೋಡತೇನಿ. ಯಾರು ಗೆದ್ರು ಅಂತ ಕಾಗದ ಹೇಳತೈತಿ."

ಮುರಿಗೆವ್ವನ ಅಣ್ಣ ಕೆಲಗೇರಿಯಿಂದ ಒಂದು ಚೀಲ ಬೆಳವಲ ಹಣ್ಣು ತಂದು ಹಾಕಿದ. ದಿನಾ ಬೆಳಗ್ಗೆ ಮುರಿಗೆವ್ವ ಹಿತ್ತಲ ಕಲ್ಲಿಗೆ ಹಣ್ಣು ಕುಕ್ಕಿ ಒಡೆದು, ಒಳಗಿನ ಕಂದು ತಿರುಳಿಗೆ ಬೆಲ್ಲ, ಚೂರು ಏಲಕ್ಕಿ ಹಾಕಿ ಕಲಸಿ ಗೋಡೆಯ ಮೇಲಿಂದ ದಾಟಿಸುತ್ತಿದ್ದಳು. ಮೊದಲ ದಿನ ಮೈಮುನಾ ಬೆರಳ ತುದಿಯಷ್ಟು ನೆಕ್ಕಿದಳು. ವಾರದೊಳಗೆ ಬಟ್ಟಲು ಖಾಲಿ ಮಾಡತೊಡಗಿದಳು. ಹದಿನೈದು ದಿನಕ್ಕೆ ಹೊಟ್ಟೆ ನೆಟ್ಟಗಾಯಿತು, ವಾಂತಿ ನಿಂತಿತು, ಅರ್ಧ ರೊಟ್ಟಿ ಹೊಟ್ಟೆಗೆ ಇಳಿಯಿತು. ಮುರಿಗೆವ್ವ ಗೋಡೆಯ ಮೇಲೆ ಎರಡೂ ಮೊಳಕೈ ಊರಿ, ಗೆದ್ದ ಪೈಲವಾನನ ಹಾಗೆ ಬೀಗಿದಳು.

ಮಾರ್ಚಿನಲ್ಲೂ ಏಪ್ರಿಲಿನಲ್ಲೂ ಡಾಕ್ಟರಬಾಯಿ ಬೆರಳು ಚುಚ್ಚಿದರು. ಎರಡು ಸಲವೂ "ನಲವತ್ತು" ಎಂದರು. ಎರಡನೆಯ ಸಲ ಖಾಜಾಸಾಬ ಕಾಗದ ಇಸಿದುಕೊಂಡು ಕಿಟಕಿಗೆ ಹಿಡಿದ.

"ನಲವತ್ತು ದಾಟೈತ್ರಿ ಬಾಯಾರ. ಒಂದು ಕೂದಲೆಳಿಯಷ್ಟು."

ಡಾಕ್ಟರಬಾಯಿ ಮತ್ತೊಮ್ಮೆ ನೋಡಿ ತಲೆಯಾಡಿಸಿದರು. "ಖರೇ ಅದ. ಆದ್ರ ಕೂದಲೆಳಿ ನಮಗ ಸಾಲೂದಿಲ್ಲ."

ಇನ್ನು ಹಾಜರಾಬಿಯ ಸರದಿ. ಏಪ್ರಿಲ್ ಕೊನೆಗೆ ಗುಡ್ಡದ ಕಡೆಯ ಹೆಂಗಸರು ಬುಟ್ಟಿಯಲ್ಲಿ ಕವಳಿ ಹೊತ್ತು ತಂದರು. ಮೊದಲು ಹಸಿರು-ಗುಲಾಬಿ ಕಾಯಿ, ಆಮೇಲೆ ಕಪ್ಪಗೆ ಹಣ್ಣಾದದ್ದು. ಹಸಿಯ ಹಣ್ಣು ಮೈಮುನಾಳ ಹಲ್ಲಿಗೆ ಆಗಲಿಲ್ಲ, ಅದಕ್ಕೆ ಬೆಲ್ಲ ಹಾಕಿ ಗೊಜ್ಜು ಕುದಿಸಿದರು. ಖಾಜಾಸಾಬ ಹೆಂಡತಿಗೆ ಕಟ್ಟಪ್ಪಣೆ ಮಾಡಿದ: ಇಂಥ ಜಬರ್ದಸ್ತ್ ಹುಳಿಯನ್ನು ತನ್ನ ಹೊಸ ಕಲಾಯಿಯ ಬೋಗುಣಿಯಲ್ಲಿ ಮಾತ್ರ ಕುದಿಸಬೇಕು. ಅಷ್ಟಕ್ಕೇ ಬಿಡಲಿಲ್ಲ. ಎಂಟು ದಿನಕ್ಕೊಮ್ಮೆ ಆ ಬೋಗುಣಿಯನ್ನು ತಾನೇ ಇಳಿಸಿಕೊಂಡು, ತಿದಿ ಒತ್ತಿ, ನವಸಾಗರ ಉದುರಿಸಿ, ಅರಳೆಯಿಂದ ತವರವನ್ನು ತಿಕ್ಕಿ ತಿಕ್ಕಿ ಕನ್ನಡಿಯಂತೆ ಮಾಡುತ್ತಿದ್ದ. ಗಿರಾಕಿಗಳ ಪಾತ್ರೆ ಸಾಲು ಹಚ್ಚಿ ಕೂತಿದ್ದರೂ ಮಗಳ ಬೋಗುಣಿಯೇ ಮೊದಲು. ಹುಳಿಗೆ ಎಲ್ಲಿಯೂ ಲೋಹ ಸಿಗಬಾರದು. ಬೇರೆ ಯಾವ ಮದ್ದೂ ಗೊತ್ತಿಲ್ಲದ ತಂದೆ, ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಮಗಳಿಗಾಗಿ ಮನಸ್ಸಿಟ್ಟು ಮಾಡಿದ.

ಮೈಮುನಾ ಗೊಜ್ಜು ತಿಂದಳು. ರೊಟ್ಟಿಯ ಜೊತೆ, ಅನ್ನದ ಜೊತೆ, ಬರಿಗೊಜ್ಜನ್ನೂ. ವಸಡಿನಿಂದ ಬರುತ್ತಿದ್ದ ರಕ್ತ ನಿಂತಿತು, ಬಾಯಿಯ ಹುಣ್ಣು ಮಾಯಿತು. ಹಾಜರಾಬಿ ಗೋಡೆಯ ಆಚೆ ಕೇಳುವಂತೆ ಇದನ್ನು ದಿನಕ್ಕೆ ಎರಡು ಸಲ ಸಾರಿದಳು. ಮೇ ತಿಂಗಳ ನಡುವೆ ಕಾಗದ ನೋಡಿದರೆ, ಅದೇ ನಲವತ್ತು, ಅದೇ ಕೂದಲೆಳೆ.

ಡಾಕ್ಟರಬಾಯಿ ಈ ಸಲ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. "ಏಳು ತಿಂಗಳಾತು. ಇನ್ನ ಎರಡು ತಿಂಗಳ ಉಳದಾವು," ಎಂದಷ್ಟೇ ಹೇಳಿದರು. ಅವತ್ತು ದಾರಿಯುದ್ದಕ್ಕೂ ಮುರಿಗೆವ್ವ, ಹಾಜರಾಬಿ ಒಂದು ಮಾತೂ ಆಡಲಿಲ್ಲ. ಖಾಜಾಸಾಬನಿಗೆ ಆ ಮೌನವೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಅವರು ಜಗಳ ಬಿಟ್ಟರೆಂದರೆ ಆಸೆಯನ್ನೂ ಬಿಟ್ಟ ಹಾಗೆ.

ಎರಡು ದಿನ ಬಿಟ್ಟು ತಾರಿಹಾಳದ ಕುಬೇರಪ್ಪಗೌಡರ ಮನೆಯಿಂದ ಕರೆ ಬಂತು. ಅವರಲ್ಲಿ ಮದುವೆ, ಮನೆಯ ಹಂಡೆ-ಬೋಗುಣಿಗಳಿಗೆಲ್ಲ ಕಲಾಯಿ ಆಗಬೇಕು. ಖಾಜಾಸಾಬನಿಗೆ ಹೋಗುವ ಮನಸ್ಸಿರಲಿಲ್ಲ. ಮನೆಯಲ್ಲಿ ಕೂತು ಮಗಳ ತುಟಿ ನೋಡುವ ಶಕ್ತಿಯೂ ಇರಲಿಲ್ಲ. ತಿದಿ ಹೊತ್ತು ಹೋದ. ಗೌಡರ ಅಂಗಳದಲ್ಲಿ ಕುಣಿ ತೋಡಿ ಬೆಂಕಿ ಹಚ್ಚಿ, ಅಡುಗೆಮನೆಯ ಪಾತ್ರೆಗಳನ್ನೆಲ್ಲ ಹೊರಗೆ ಹಾಕಿಸಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಅಡುಗೆಯ ಉಡಚವ್ವ ಸೆರಗು ಸಿಗಿಸಿಕೊಂಡು ಜಗಳಕ್ಕೇ ಬಂದಳು. ಕೈಯಲ್ಲಿ ಕಬ್ಬಿಣದ ಕಡಾಯಿ.

"ಏನ್ ಸಾಬಣ್ಣ, ಎಲ್ಲಾ ಬೋಗುಣೀನೂ ನೀನs ಕಸಗೊಂಡು ಕುಂತರ ನಾವ್ ಎದರಾಗ ಅಡಗಿ ಮಾಡೂದು? ಕವಳಿ ಗೊಜ್ಜು ಮಾಡಂದ್ರು ಗೌಡತೇರು. ಇದೊಂದs ಉಳದಿತ್ತು, ಇದರಾಗ ಕುದಿಸೀನಿ. ನೋಡಿಲ್ಲೆ, ಮಸಿ ಆಗೇತಿ!"

ಖಾಜಾಸಾಬ ನೋಡಿದ. ಗೊಜ್ಜು ಕಾಡಿಗೆಯಂತೆ ಕಪ್ಪಗಾಗಿತ್ತು. ಉಡಚವ್ವ ಕಡಾಯಿ ಓರೆ ಮಾಡಿದಾಗ ಅದರ ತಳ ಕಂಡಿತು. ಎಷ್ಟೋ ವರ್ಷದ ಮಸಿ, ಜಿಡ್ಡು ಎಲ್ಲ ಹೋಗಿ, ಗೊಜ್ಜು ಇದ್ದಷ್ಟು ಜಾಗ ಬೆಳ್ಳಗೆ ಬತ್ತಲೆಯಾಗಿತ್ತು. ಅವನು ಬೆರಳಿನಿಂದ ತಳ ಸವರಿದ. ಹುಳಿ ಲೋಹವನ್ನು ತಿಂದಾಗ ಮೈ ಹೇಗೆ ತರಿತರಿಯಾಗುತ್ತದೆ ಎಂದು ಅವನ ಬೆರಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆಮೇಲೆ ಏನನ್ನಿಸಿತೋ, ಗೊಜ್ಜನ್ನೇ ಒಂದಿಷ್ಟು ಬೆರಳಿಗೆ ಹಚ್ಚಿ ನಾಲಿಗೆಗಿಟ್ಟ.

ಹುಳಿ, ಬೆಲ್ಲದ ಸಿಹಿ, ಅವುಗಳ ಹಿಂದಿನಿಂದ ಹಳೆಯ ಮೊಳೆಯ ರುಚಿ. ಡಾಕ್ಟರಬಾಯಿ ಕೊಟ್ಟ ಬಾಟಲಿಯ ರುಚಿ.

ಅವನು ಅಲ್ಲಿಯೇ ಕುಕ್ಕರಿಸಿದ. ಮಗಳಿಗೆ ಬೇಕಾದದ್ದು ಕಬ್ಬಿಣ. ಹುಳಿ ಕಬ್ಬಿಣವನ್ನು ಬಿಡಿಸಿ ಕೊಡುತ್ತದೆ. ತಾನೋ, ಹುಳಿಗೆ ಏನೂ ಸಿಗದ ಹಾಗೆ ಎಂಟು ದಿನಕ್ಕೊಮ್ಮೆ ಗೋಡೆ ಕಟ್ಟುತ್ತ ಕೂತಿದ್ದ! ಅದೂ ಇಡೀ ಹುಬ್ಬಳ್ಳಿಯಲ್ಲಿ ಯಾರೂ ಕಟ್ಟದಷ್ಟು ಛಲೋ ಗೋಡೆ. ಬೇರೆ ಯಾವ ಮನೆಯಲ್ಲಾದರೂ ಒಂದು ದಿನ ಬೋಗುಣಿ ತಪ್ಪಿ ಕಡಾಯಿ ಒಲೆಗೆ ಏರುತ್ತಿತ್ತು. ತನ್ನ ಮನೆಯಲ್ಲಿ ತಪ್ಪುವುದಕ್ಕೂ ಕಡಾಯಿ ಇರಲಿಲ್ಲ.

"ಯಾಕೋ ಸಾಬಣ್ಣ, ಅಳಾಕ ಯಾಕ ಹತ್ತೀ?" ಉಡಚವ್ವ ಗಾಬರಿಯಾದಳು. "ನಾ ಹಂಗs ಚ್ಯಾಷ್ಟಿ ಮಾಡಿದ್ನೋ. ಗೌಡತೇರಿಗೆ ಏನರ ಹೇಳತೇನಿ ಬಿಡು."

"ಅವ್ವಾ, ಈ ಗೊಜ್ಜು ನನಗ ಕೊಡ," ಎಂದ ಖಾಜಾಸಾಬ. "ಕಡಾಯೀನೂ ಕೊಡ. ಇದರ ಬದಲಿ ಅಡಗಿಗೆ ನಿನಗ ಯಾವ ಬೋಗುಣಿ ಬೇಕೋ ತೋರಸು, ಕೂಲಿ ಇಲ್ಲದs ಈಗಿಂದೀಗ ಕಲಾಯಿ ಮಾಡಿ ಕೊಡತೇನಿ."

ಹಾಗೆ, ಹಾಡಹಗಲಿನಲ್ಲಿ, ಕಮರಿಪೇಟೆಯ ಬಾಜಾರದ ನಡುವೆ, ಕಲಾಯಿಗಾರ ಖಾಜಾಸಾಬ ತಲೆಯ ಮೇಲೆ ಕಬ್ಬಿಣದ ಕಡಾಯಿ ಹೊತ್ತು ಬಂದ. ಅಂಗಡಿಯವರು ಎದ್ದು ನಿಂತು ನೋಡಿದರು. ಬಳೆಗಾರ ಯಾಕೂಬಸಾಬ "ಏನ್ ಭಾಯಿ, ಪೇಟ್ಯಾಗ ತವರ ತೀರೇತೇನು?" ಎಂದು ಕೂಗಿದ. ಖಾಜಾಸಾಬ ತಿರುಗಿಯೂ ನೋಡಲಿಲ್ಲ. ಮನೆಯ ಬಾಗಿಲಲ್ಲಿ ಹಾಜರಾಬಿ ಗಲ್ಲಕ್ಕೆ ಕೈ ಹಚ್ಚಿ ನಿಂತಳು.

"ತಪ್ಪು ನಂದು," ಎಂದ ಅವನು, ಕಡಾಯಿ ಇಳಿಸುತ್ತ. "ನಿನ್ನ ಕವಳೀದಲ್ಲ, ಅಕ್ಕಾರ ಬೆಳವಲದ್ದಲ್ಲ. ನನ್ನ ಕಲಾಯೀದು. ಇವತ್ತಿನಿಂದ ಕವಳಿ ಇದರಾಗ ಕುದಿಸು. ಕರ್ರಗಾಗಲಿ. ಎಷ್ಟು ಕರ್ರಗಾಗತೈತೋ ಅಷ್ಟು ಛಲೋ."

ಗೊಜ್ಜು ಒಯ್ದು ಡಾಕ್ಟರಬಾಯಿಗೆ ಹೇಳಿದಾಗ ಅವರು ನಗಲಿಲ್ಲ. ಕಪ್ಪು ಗೊಜ್ಜಿನ ಮೇಲೆ ಬೆರಳಾಡಿಸಿ, ಮೂಸಿ, ಆಹಾರದ ಪುಸ್ತಕದ ಹಾಳೆ ಮಗುಚಿದರು. "ಪುಸ್ತಕದಾಗ ಇಲ್ಲ. ಆದ್ರ ನನ್ನ ಬಾಟಲಿಯೊಳಗ ಇರೂದೂ ಅದs. ದಿನಾ ಸ್ವಲ್ಪ ಸ್ವಲ್ಪ ಕೊಡ್ರಿ, ರೊಟ್ಟೀ ಜೋಡಿ. ಹೊಟ್ಟಿ ಕೆಟ್ರ ನಿಲ್ಲಸ್ರಿ."

ಹೊಟ್ಟೆ ಕೆಡಬಹುದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮುರಿಗೆವ್ವನ ಕಣ್ಣು ಹೊಳೆಯಿತು. ಅವಳು ಅಟ್ಟದ ಮೇಲೆ ಹುಲ್ಲಿನಲ್ಲಿ ಮುಚ್ಚಿಟ್ಟಿದ್ದ ಕೊನೆಯ ಬೆಳವಲ ಹಣ್ಣುಗಳು ಕೆಳಗಿಳಿದವು. ಬೆಳಗ್ಗೆ ಒಂದು ಬಟ್ಟಲು ಬೆಳವಲ, ಮಧ್ಯಾಹ್ನ ಕಡಾಯಿಯ ಕರಿ ಗೊಜ್ಜು. ಒಂದು ಹೊಟ್ಟೆಯನ್ನು ಹಿಡಿದು ನಿಲ್ಲಿಸುವುದು, ಇನ್ನೊಂದು ರಕ್ತಕ್ಕೆ ಬೇಕಾದದ್ದನ್ನು ತಂದು ಹಾಕುವುದು. ಬಾಟಲಿ ಕಂಡರೆ ಅಳುತ್ತಿದ್ದ ಮೈಮುನಾ ಅದೇ ಮೊಳೆಯ ರುಚಿಯನ್ನು ಬೆಲ್ಲ, ಮೆಣಸಿನಕಾಯಿಯ ಜೊತೆ ಬೆರಳು ನೆಕ್ಕಿ ತಿಂದಳು. ಹಲ್ಲು ಕಪ್ಪಗಾದವು. "ಅಬ್ಬಾ, ನನ್ನ ಬಾಯಿ ನಿಮ್ಮ ಇದ್ದಲಿ ಕುಣಿ ಆಗೇತಿ," ಎಂದು ತಂದೆಗೆ ಹೇಳಿ ನಕ್ಕಳು. ಅವಳು ನಕ್ಕದ್ದನ್ನು ಆ ಮನೆ ಕೇಳಿ ಎಷ್ಟು ದಿನವಾಗಿತ್ತೋ!

ಜೂನ್ ನಡುವೆ ಬೆರಳು ಚುಚ್ಚಿದಾಗ ಡಾಕ್ಟರಬಾಯಿ ಪುಸ್ತಕವನ್ನು ತಾವು ನೋಡದೆ ಖಾಜಾಸಾಬನ ಕೈಗೇ ಕೊಟ್ಟರು. ಅವನು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದ. ನಲವತ್ತರ ಪಕ್ಕದಲ್ಲಿಟ್ಟ, ಕಲೆ ಗಾಢವಾಗಿ ಕಂಡಿತು. ಐವತ್ತರ ಪಕ್ಕಕ್ಕೆ ಸರಿಸಿದ. ಕಲೆ ಯಾವುದು, ಪುಸ್ತಕದ ಬಣ್ಣ ಯಾವುದು, ಗೊತ್ತಾಗಲಿಲ್ಲ. ಜುಲೈ ಎರಡನೆಯ ವಾರ ಮತ್ತೆ ನೋಡಿದರು. ಅರವತ್ತಕ್ಕೆ ಒಂದು ಕೂದಲೆಳೆ ಕಡಿಮೆ.

"ಈಗ ಹೇಳ್ರಿ ಬಾಯಾರ, ಯಾವ ಹಣ್ಣು ಗೆದ್ದೈತಿ?" ಎಂದಳು ಮುರಿಗೆವ್ವ.

"ಬೆಳವಲ ಇಲ್ಲದಿದ್ರ ಆ ಗೊಜ್ಜು ಹೊಟ್ಯಾಗ ನಿಲ್ಲತಿದ್ದಿಲ್ಲ. ಕವಳಿ ಇಲ್ಲದಿದ್ರ ಕಬ್ಬಿಣ ಕಡಾಯಿ ಬಿಟ್ಟು ಬರತಿದ್ದಿಲ್ಲ. ನಾ ಹೆಂಗ ಹೇಳ್ಲಿ?"

ಇಬ್ಬರಿಗೂ ಈ ತೀರ್ಪು ಒಪ್ಪಿಗೆಯಾಗಲಿಲ್ಲ. ಮನೆ ಮುಟ್ಟುವ ತನಕ ಜಗಳವಾಡಿದರು. ಹಿಂದಿನಿಂದ ಬರುತ್ತಿದ್ದ ಖಾಜಾಸಾಬನಿಗೆ ಅದಕ್ಕಿಂತ ಇಂಪಾದ ಸದ್ದು ಬೇರೆ ಇರಲಿಲ್ಲ.

ಜುಲೈ ಕೊನೆಯಲ್ಲಿ, ಜಿಟಿಜಿಟಿ ಮಳೆ ಹಿಡಿದ ಒಂದು ಬೆಳಗ್ಗೆ, ಮೈಮುನಾಳಿಗೆ ಹೆರಿಗೆಯ ಬ್ಯಾನಿ ಶುರುವಾಯಿತು. ದವಾಖಾನೆಯ ಪಡಸಾಲೆಯಲ್ಲಿ ಖಾಜಾಸಾಬ ಗೋಡೆಗೆ ಒರಗಿ ನಿಂತ. ಹಾಜರಾಬಿ ದುವಾ ಓದುತ್ತಿದ್ದಳು, ಮುರಿಗೆವ್ವ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು. ಹನ್ನೊಂದರ ಸುಮಾರಿಗೆ ಕೂಸಿನ ಅಳು ಕೇಳಿತು. ಹೆಂಗಸರಿಬ್ಬರೂ ಎದ್ದುನಿಂತರು. ಖಾಜಾಸಾಬ ನಿಂತಲ್ಲಿಂದ ಕದಲಲಿಲ್ಲ. ಕೂಸು ಅತ್ತರೆ ಸಾಲದು. ಒಳಗೆ ದಾಯಿಯರು ಓಡಾಡುವ ಸದ್ದು, ಬಿಸಿನೀರು, ಅರಿವೆ ಎಂದು ಕೂಗುವ ದನಿ. ಒಬ್ಬಳು ಹೊರಗೆ ತಂದ ಬುಟ್ಟಿಯಲ್ಲಿ ಅರಿವೆಗಳು ಕೆಂಪಾಗಿದ್ದವು. ಹಿಂದಿನ ವರ್ಷವೂ ಹೀಗೆಯೇ.

ಮುಕ್ಕಾಲು ಗಂಟೆಯ ಮೇಲೆ ಡಾಕ್ಟರಬಾಯಿ ಬಾಗಿಲು ತೆರೆದರು. ಹಣೆಯ ಮೇಲೆ ಬೆವರು.

"ಹೆಣ್ಣು. ರಕ್ತ ಹೋತು, ಹೋದ ವರ್ಷದಷ್ಟs ಹೋತು. ಈ ಸರ್ತಿ ತಡಕೊಂಡ್ಲು. ನಿಂತೈತಿ ಈಗ. ಒಬ್ಬೊಬ್ಬರs ಒಳಗ ಬರ್ರಿ."

ಹಾಜರಾಬಿಯೂ ಮುರಿಗೆವ್ವನೂ ಖಾಜಾಸಾಬನನ್ನೇ ಮುಂದೆ ದಬ್ಬಿದರು. ಮೈಮುನಾ ಕಣ್ಣು ಮುಚ್ಚಿ ಮಲಗಿದ್ದಳು. ಮುಖ ಬಿಳುಚಿತ್ತು, ಆದರೆ ತುಟಿಗೆ ತುಟಿಯ ಬಣ್ಣ ಇತ್ತು. ಅವನು ಅವಳ ಹಣೆ ಮುಟ್ಟಿದ. ಅವಳು ಕಣ್ಣು ತೆರೆದು, ಪಕ್ಕದಲ್ಲಿದ್ದ ಕೂಸನ್ನು ಒಮ್ಮೆ ನೋಡಿ, ಆಮೇಲೆ ತಂದೆಯನ್ನು ನೋಡಿದಳು.

"ಅಬ್ಬಾ," ಎಂದಳು, "ಹಸಿವ್ಯಾಗೇತಿ."

ಆರು ತಿಂಗಳು ಒಂದೊಂದು ತುತ್ತಿಗೂ ಅವಳ ಗಲ್ಲ ಹಿಡಿದು ಬೇಡಿಕೊಂಡವನು ಖಾಜಾಸಾಬ. ಈ ಮಾತು ಕೇಳಿದ್ದೇ ಅವನು ಡಾಕ್ಟರಬಾಯಿಯ ಕಡೆ ತಿರುಗಿದ. ಡಾಕ್ಟರಬಾಯಿ ಗಂಜಿಗೆ ಅಪ್ಪಣೆ ಕೊಟ್ಟರು. ಬಟ್ಟಲು ತಂದು ಅವನು ಚಮಚೆಯಿಂದ ಕುಡಿಸಲು ಹೋದ. ಅವಳು ಎರಡು ಚಮಚೆ ಕುಡಿದು, ಇವನ ಕೈಯ ನಿಧಾನ ತಡೆಯಲಾರದೆ, ಬಟ್ಟಲನ್ನೇ ಇಸಿದುಕೊಂಡು ಬಾಯಿಗೆ ಹಚ್ಚಿದಳು. ಖಾಲಿ ಬಟ್ಟಲು ತಿರುಗಿ ಕೊಡುತ್ತ, ಇನ್ನೂ ಇದೆಯೇ ಎಂದು ಕೇಳಿದಳು.